ಕಾಂಪೆನ್ ಊರಿನ ಸಿಂಹ

ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇಳಿದು ಸೇತುವೆ ದಾಟಿ ವಾಶಿ ಕಡೆಯ ಲೋಕಲ್, ಅಲ್ಲಿಂದ ರಬಾಳೆ. ಈ ದಾರಿಯನ್ನು ಜಯಲತಾ ಇಪ್ಪತ್ತೆರಡು ವರ್ಷ ಸವೆಸಿದ್ದಳು. ರಬಾಳೆಯ ಕಾರ್ಖಾನೆಗಳ ನಡುವೆ, ಒಂದು ಪೇಂಟ್ ಗೋದಾಮಿನ ಮೇಲ್ಮಹಡಿಯಲ್ಲಿ ಅವಳು ಕೆಲಸ ಮಾಡುವ ಲೋಹ ಪರೀಕ್ಷೆಯ ಲ್ಯಾಬು. ಬೆಸುಗೆ ತಂತಿ, ಹಿತ್ತಾಳೆ ನಲ್ಲಿ, ಗುಜರಿ ತಾಮ್ರ, ಯಾರು ಏನು ತಂದರೂ ಎಕ್ಸ್‌ರೇ ಯಂತ್ರದೊಳಗೆ ಇಟ್ಟು ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಬರೆದುಕೊಡುವುದು ಅವಳ ಕೆಲಸ. ಕೆಳಗೆ ಅವಳ ಸಹಿ. ಆ ಸಹಿ ಇದ್ದರೆ ಇನ್ನೊಂದು ಕಡೆ ತೋರಿಸುವುದು ಬೇಡ ಎಂದು ಸುತ್ತಲಿನ ಕಾರ್ಖಾನೆಯವರು ಹೇಳುತ್ತಿದ್ದರು. ಅವಳಿಗೆ ಅದರ ಬಗ್ಗೆ ಸಣ್ಣ ಜಂಬವೂ ಇತ್ತು.

ಪುಂಡರೀಕಾಕ್ಷ ಸರ್ ಆ ಮೆಟ್ಟಿಲು ಹತ್ತಿ ಬಂದದ್ದು ಹನ್ನೊಂದು ವರ್ಷದ ಹಿಂದೆ. ಮೈಸೂರಿನವರು, ಠಾಣೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಬೆಳ್ಳಿ ನಾಣ್ಯ ಇಟ್ಟರು. ನಮ್ಮ ಹಳೇ ರೂಪಾಯಿಗಿಂತ ಅಗಲ, ಅಂಚು ಅಲ್ಲಲ್ಲಿ ಸವೆದದ್ದು. ಒಂದು ಮುಖದಲ್ಲಿ ಗುರಾಣಿಯ ಹಿಂದೆ ನಿಂತ ಸೈನಿಕ, ಇನ್ನೊಂದರಲ್ಲಿ ಹಿಂಗಾಲಿನ ಮೇಲೆ ಎದ್ದು ನಿಂತ ಪ್ರಾಣಿ. ಅದು ಸಿಂಹ ಎಂದು ಅವರು ಹೇಳಿದಾಗ ಜಯಲತಾಳ ಬಾಯಿಂದ ತನ್ನಷ್ಟಕ್ಕೆ ಕನ್ನಡ ಹೊರಟಿತು: "ನಾಯಿಯ ಹಾಗೆ ಉಂಟಲ್ಲ ಸರ್."

ಅವರು ಬಹಳ ಹೊತ್ತು ನಕ್ಕರು. ಅರಬರು ಕೂಡ ಈ ನಾಣ್ಯವನ್ನು ನಾಯಿ ನಾಣ್ಯ ಎಂದೇ ಕರೆಯುತ್ತಿದ್ದರಂತೆ. ಓದಿದವರಿಗೆ ಮಾತ್ರ ಗೊತ್ತಿರುವ ವಿಷಯ, ನೀವು ನೋಡಿದ ಕೂಡಲೇ ಹೇಳಿಬಿಟ್ಟಿರಿ ಎಂದರು. ಸ್ನೇಹ ಶುರುವಾದದ್ದು ಅಲ್ಲಿಂದ.

ಹಾಲೆಂಡಿನಲ್ಲಿ ಒಂದು ನದಿಯ ದಂಡೆಯ ಮೇಲೆ ಕಾಂಪೆನ್, ಜ್ವೊಲ್ಲೆ, ಡೆವೆಂಟರ್ ಎಂದು ಮೂರು ವ್ಯಾಪಾರದ ಊರುಗಳಿದ್ದವು, ಒಂದೊಂದು ಊರಿಗೂ ಅದರದೇ ಟಂಕಸಾಲೆ ಇತ್ತು, ಈ ನಾಣ್ಯ ಕಾಂಪೆನ್ನಿನದು ಎಂದು ಅವಳಿಗೆ ಹೇಳಿಕೊಟ್ಟವರು ಅವರು. ಮುನ್ನೂರ ಎಪ್ಪತ್ತು ವರ್ಷದ ಹಿಂದೆ ಅಲ್ಲಿ ಅಚ್ಚಾದ ಬೆಳ್ಳಿ ಹಡಗು ಹತ್ತಿ, ಎಲ್ಲೆಲ್ಲೋ ಕೈ ಬದಲಾಗಿ ಸೂರತ್ತಿಗೆ, ವೆಂಗುರ್ಲೆಗೆ, ಬಸ್ರೂರಿಗೂ ಬಂದಿರಬಹುದು ಎಂದರು. ಬಸ್ರೂರು ಎಂದಾಗ ಜಯಲತಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಅವಳ ತಾಯಿಯ ಮನೆ ಇರುವುದು ಬಸ್ರೂರಿನಲ್ಲಿ. ಮರಾಠಿಯವರು ವಲಂದೇಜ ಎನ್ನುವ ಆ ಡಚ್ಚರು ತನ್ನ ಅಜ್ಜಿಯ ಊರಿನ ಹೊಳೆ ದಂಡೆಯಲ್ಲಿ ವ್ಯಾಪಾರದ ಕೋಠಿ ಇಟ್ಟುಕೊಂಡು ಅಕ್ಕಿ, ಮೆಣಸು ಕೊಳ್ಳುತ್ತಿದ್ದರು ಎನ್ನುವುದನ್ನು ಅವಳು ನಲವತ್ತರ ಹತ್ತಿರ ಬಂದಮೇಲೆ ರಬಾಳೆಯಲ್ಲಿ ಕೂತು ಕೇಳಬೇಕಾಯಿತು.

ಆಮೇಲೆ ತಿಂಗಳಿಗೆ ಎರಡು ಭಾನುವಾರ ಅವಳು ಠಾಣೆಯ ನೌಪಾಡಾದಲ್ಲಿದ್ದ ಅವರ ಮನೆಗೆ ಹೋಗತೊಡಗಿದಳು. ಡೊಂಬಿವಲಿ ಸ್ಟೇಷನ್ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದ ಗಂಡ ವಸಂತಕುಮಾರನಿಗೆ ಭಾನುವಾರವೇ ಗಿರಾಕಿ ಜಾಸ್ತಿ, ಹಾಗಾಗಿ ಅವನ ತಕರಾರು ಇರಲಿಲ್ಲ. ಸರ್ ಅವರ ಹೆಂಡತಿ ರಮಾಮಣಿ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು. ಸರ್ ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ನಾಣ್ಯದ ಸುತ್ತ ಇರುವ ಲ್ಯಾಟಿನ್ ಅಕ್ಷರಗಳನ್ನು ಒಂದೊಂದಾಗಿ ಓದಿಸುತ್ತಿದ್ದರು. ದೇವರನ್ನು ನಂಬಿದವನು ಅಲುಗಾಡುವುದಿಲ್ಲ ಎಂದು ಅದರ ಅರ್ಥ. ಸಿಂಹದ ಬಾಲದ ಹತ್ತಿರ ಅರ್ಧಚಂದ್ರದಂಥ ಒಂದು ಚುಚ್ಚು ಗುರುತಿತ್ತು. ಅದು ನಮ್ಮ ಕಡೆಯ ಚಿನಿವಾರ ಬೆಳ್ಳಿ ಪರೀಕ್ಷಿಸಿ ಹಾಕಿದ ಮುದ್ರೆ ಎಂದರು ಸರ್. "ನೀನು ಮಾಡೋ ಕೆಲಸಾನೇ ಅವನೂ ಮಾಡ್ತಿದ್ದ ಜಯಮ್ಮ. ಯಂತ್ರ ಇರಲಿಲ್ಲ, ಅಷ್ಟೆ." ಆ ಮಾತನ್ನು ಅವಳು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದಳೋ. ಕೈಗೆ ಬಂದ ಪ್ರತಿ ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ತನ್ನ ಯಂತ್ರ ಕೊಟ್ಟ ಅಂಕಿಗಳನ್ನು ಬರೆದಿಡುತ್ತಿದ್ದಳು. ಅದು ಅವಳ ಖುಷಿಗೆ. ಅದನ್ನು ಸರ್‌ಗೆ ತೋರಿಸಿರಲಿಲ್ಲ, ಮಕ್ಕಳಾಟ ಎಂದುಕೊಂಡಾರು ಎಂಬ ನಾಚಿಕೆ.

ಸರ್‌ಗೆ ಬೇಕಾದದ್ದು ವರದಿ. ಲ್ಯಾಬಿನ ಕಾಗದದ ಮೇಲೆ ತೂಕ, ಬೆಳ್ಳಿ, ತಾಮ್ರ, ಉಳಿದ ಚೂರುಪಾರು ಲೋಹ, ಸಹಿ. ಫೋಟೋ ಬೇಡ, ಕಳ್ಳರ ಕಣ್ಣು ಬೀಳುತ್ತೆ ಎನ್ನುತ್ತಿದ್ದರು. ಒಂದು ಪ್ರತಿ ಕೊಂಡವರಿಗೆ, ಒಂದು ತಮಗೆ, ಒಂದು ನಾಣ್ಯ ಸಂಘದ ಕಡತಕ್ಕೆ ಎಂದು ಮೂರು ಮೂರು ಪ್ರತಿಗೆ ಸಹಿ ಕೇಳುತ್ತಿದ್ದರು. ಕೆಲವು ಸಲ ಒಂದು ಪ್ರತಿ ಎಲ್ಲೋ ಇಟ್ಟು ಮರೆತೆ ಎಂದು ಇನ್ನೊಂದು ಕೇಳಿದ್ದೂ ಉಂಟು. ಎಪ್ಪತ್ತು ದಾಟಿದವರು, ಮರೆಯದೆ ಏನು ಎಂದು ಅವಳು ಹಾಕಿಕೊಟ್ಟಿದ್ದಳು. ಠಾಣೆಯ ನಾಣ್ಯ ಸಂಘದ ಸಭೆಯಲ್ಲಿ ಅವರು ನಾಲ್ಕು ಜನರ ಎದುರು "ನಮ್ಮ ಜಯಲತಾ ಬರೆದುಕೊಟ್ಟರೆ ಮುಗೀತು" ಎಂದಾಗ ಹಿಂದಿನ ಸಾಲಿನಲ್ಲಿ ಕೂತ ಅವಳ ಮುಖ ಕೆಂಪಾಗುತ್ತಿತ್ತು.

ಕಳೆದ ನವೆಂಬರಿನಲ್ಲಿ ಪೃಥ್ವಿರಾಜ್ ಎಂಬ ಮೂವತ್ತೈದರ ಆಸುಪಾಸಿನವನು ಲ್ಯಾಬಿಗೆ ಬಂದ. ಕಲ್ಯಾಣದಲ್ಲೇ ಹುಟ್ಟಿ ಬೆಳೆದವನು, ಐರೋಲಿಯ ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಅಪ್ಪ ಅಮ್ಮ ಉಡುಪಿ ಕಡೆಯವರು, ಇವನಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧಕ್ಕರ್ಧ ಹಿಂದಿ. ಎರಡು ವರ್ಷದ ಹಿಂದೆ ಪುಂಡರೀಕಾಕ್ಷ ಸರ್ ಕೈಯಿಂದ ಕಾಂಪೆನ್ ನಾಣ್ಯ ಕೊಂಡಿದ್ದನಂತೆ. ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿ ಜೊತೆಗಿದ್ದ ವರದಿ ನೆನೆದು ಶಾಯಿ ಹರಡಿತ್ತು. ಇನ್ನೊಂದು ಪ್ರತಿ ಬೇಕು ಎಂದ. ಸರ್‌ಗೆ ಯಾಕೆ ತೊಂದರೆ ಕೊಡುವುದು ಎಂದು ನೇರ ಸಹಿ ಮಾಡಿದವರ ಹತ್ತಿರವೇ ಬಂದಿದ್ದ.

ಹಳೇ ಅಂಕಿಗಳನ್ನೇ ನಕಲು ಮಾಡಿ ಕೊಡಬಹುದಿತ್ತು. ಅದು ಅವಳ ಅಭ್ಯಾಸವಲ್ಲ. ನಾಣ್ಯ ಬಂದಿದೆ, ಯಂತ್ರ ಖಾಲಿ ಇದೆ, ಹೊಸದಾಗಿ ಪರೀಕ್ಷೆ ಮಾಡಿಯೇ ಬರೆಯೋಣ ಎಂದು ಒಳಗೆ ಇಟ್ಟಳು. ಬೆಳ್ಳಿ ಸರಿಯಾಗಿತ್ತು, ನೂರಕ್ಕೆ ಎಪ್ಪತ್ತನಾಲ್ಕು. ಉಳಿದದ್ದೆಲ್ಲ ತಾಮ್ರ. ಅವಳು ಪರದೆಯನ್ನೇ ನೋಡುತ್ತ ಕೂತಳು. ಹಳೆಯ ಕಾಲದ ಬೆಳ್ಳಿಯಲ್ಲಿ ಸ್ವಲ್ಪ ಸೀಸ, ಚೂರು ಚಿನ್ನ ಇದ್ದೇ ಇರುತ್ತದೆ, ಆಗಿನವರಿಗೆ ಅದನ್ನು ಪೂರಾ ತೆಗೆಯಲು ಬರುತ್ತಿರಲಿಲ್ಲ. ಇದರಲ್ಲಿ ಎರಡೂ ಇರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಹಳೆಯ ಅಚ್ಚಿನ ಪಕ್ಕ ಇಟ್ಟು ನೋಡಿದಳು. ಅದೇ ಅರ್ಧಚಂದ್ರ, ಸೈನಿಕನ ಮೊಣಕಾಲಿನ ಮೇಲೆ ಅದೇ ಓರೆ ಗೀರು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅವಳು ಮೊದಲು ನೋಡಿದ ನಾಣ್ಯದಲ್ಲಿ ಸೀಸವೂ ಇತ್ತು, ಚಿನ್ನವೂ ಇತ್ತು ಎಂದು ಅವಳದೇ ಕೈಬರಹ ಹೇಳುತ್ತಿತ್ತು. ಹಾಗಾದರೆ ಇದು ಅದರ ಮೇಲೆ ಅಚ್ಚು ಒತ್ತಿ ಎರಕ ಹೊಯ್ದದ್ದು. ಗಾಯ ಸಹಿತ ನಕಲಾಗಿತ್ತು.

ಪೃಥ್ವಿರಾಜನಿಗೆ ಅವಳು ಏನೂ ಹೇಳಲಿಲ್ಲ. ಎರಡು ದಿನ ಇಲ್ಲಿರಲಿ ಎಂದಳಷ್ಟೆ. ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಅನುಮಾನ ಬಂದದ್ದು ಆ ಹುಡುಗನ ಮೇಲೆಯೇ. ಅಸಲನ್ನು ಬೇರೆ ಕಡೆ ಮಾರಿ, ನಕಲು ಮಾಡಿಸಿಕೊಂಡು ಬಂದಿದ್ದಾನೋ ಏನೋ. ಲೋಕಲ್ಲಿನಲ್ಲಿ ನಿಂತುಕೊಂಡು ಇನ್ನೊಂದು ಯೋಚಿಸಿದಳು: ಸರ್‌ಗೇ ಯಾರೋ ಮೋಸ ಮಾಡಿರಬೇಕು. ಪಾಪ, ಬಿಪಿ ಇರುವವರು, ಇದನ್ನು ಅವರಿಗೆ ಹೇಗೆ ಹೇಳುವುದು ಎನ್ನುವುದೇ ಅವಳಿಗೆ ದೊಡ್ಡ ಚಿಂತೆಯಾಯಿತು. ಆ ಸಂಜೆ ಮನೆಯಲ್ಲಿ ವಸಂತಕುಮಾರ "ಎಂತ ಆಯ್ತು, ಮುಖ ಹಾಗೆ ಮಾಡಿಕೊಂಡಿದ್ದಿ?" ಎಂದು ಕೇಳಿದ. ಸರ್ ಮೋಸ ಹೋಗಿದ್ದಾರೆ ಎಂದಳು. ಅವನು, ಮೋಸ ಹೋದದ್ದು ಸರ್ ಎಂದು ನಿನಗೆ ಹೇಗೆ ಗೊತ್ತು ಎಂದ. ಅವಳಿಗೆ ಸಿಟ್ಟು ಬಂತು. ಎದ್ದು ಒಳಗೆ ಹೋದಳು.

ಮರುದಿನ ಅರ್ಧ ದಿನ ರಜೆ ಹಾಕಿ ನೌಪಾಡಾಕ್ಕೆ ಹೋದಳು. ಸರ್ ಎಂದಿನಂತೆ ಬಾಗಿಲಿಗೆ ಬಂದು ಕರೆದುಕೊಂಡು ಹೋದರು. ರಮಾಮಣಿ ಕಾಫಿ ಇಟ್ಟರು. ಜಯಲತಾ ನಾಣ್ಯವನ್ನು ಮೇಜಿನ ಮೇಲೆ, ಅವರ ಕೈಗೆ ಎಟುಕುವ ಹಾಗೆ ಇಟ್ಟಳು. ಭೂತಗನ್ನಡಿ ಅಲ್ಲೇ ಅವರ ಮೊಣಕೈ ಹತ್ತಿರ ಇತ್ತು.

ಹನ್ನೊಂದು ವರ್ಷದಲ್ಲಿ ಒಂದು ನಾಣ್ಯ ಕಣ್ಣಿಗೆ ಬಿದ್ದೂ ಅವರು ಭೂತಗನ್ನಡಿ ಎತ್ತದೆ ಇದ್ದದ್ದನ್ನು ಅವಳು ನೋಡಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನೂ ತಿರುಗಿಸಿ ನೋಡುವ ಮನುಷ್ಯ. ಈಗ ಅವರು ನಾಣ್ಯದ ಕಡೆ ಒಮ್ಮೆ ನೋಡಿ ಕಾಫಿ ಲೋಟ ಎತ್ತಿಕೊಂಡರು.

"ಕಲ್ಯಾಣದ ಹುಡುಗ ಬಂದಿದ್ನಾ?" ಎಂದರು.

ಯಾರು ತಂದದ್ದೆಂದು ಅವಳು ಹೇಳಿರಲಿಲ್ಲ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ.

"ಎಷ್ಟು ಮಾಡಿಸಿದ್ರಿ ಸರ್?"

ಅವರು ನೇರ ಉತ್ತರ ಕೊಡಲಿಲ್ಲ. ಅಸಲು ನಾಣ್ಯ ಐದು ವರ್ಷಕ್ಕೊಂದು ಸಿಗುತ್ತೆ, ಕೇಳುವವರು ಹತ್ತು ಜನ ಎಂದರು. ತಾನು ಯಾರಿಗೂ ತಗಡು ಕೊಟ್ಟಿಲ್ಲ, ಬೆಳ್ಳಿಗೆ ಬೆಳ್ಳಿಯೇ ಕೊಟ್ಟಿದ್ದೇನೆ, ಜೊತೆಗೆ ಆ ಊರಿನ ನಿಜವಾದ ಕಥೆ ಕೊಟ್ಟಿದ್ದೇನೆ, ಕೊಂಡವರೆಲ್ಲ ಸಂತೋಷವಾಗಿದ್ದರು ಎಂದರು. ಪಾಠ ಹೇಳುವಾಗಿನ ದನಿಯೇ, ಅದೇ ನಿಧಾನ.

"ನಿನ್ನ ಕಾಗದದಲ್ಲಿ ಒಂದಕ್ಷರ ಸುಳ್ಳಿಲ್ಲ ಜಯಮ್ಮ. ನೀನು ನೋಡಿದ್ದು ಅಸಲು, ಬರೆದಿದ್ದು ನಿಜ. ನಿನಗೇನು ಸಂಕಟ?"

"ಆ ಕಾಗದ ಯಾವುದರ ಜೊತೆ ಹೋಯ್ತು ಸರ್?"

ಅವರು ಕಿಟಕಿಯ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ರಮಾಮಣಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು, ಒರೆಸಿ ಮುಗಿದರೂ ಒರೆಸುತ್ತಲೇ ಇದ್ದರು. ಜಯಲತಾಗೆ ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಕೇಳದೆ ಎದ್ದುಹೋಗಲು ಅವಳಿಂದ ಆಗಲಿಲ್ಲ.

"ಮೊದಲ ದಿನದಿಂದಲೇನಾ?"

"ಛೆ, ಮೊದಲ ದಿನ ಇಲ್ಲ," ಎಂದರು ಸರ್. ಆ ಮಾತಿಗೆ ಮಾತ್ರ ಅವರ ದನಿ ಸ್ವಲ್ಪ ಅಲುಗಿತು. "ಮೂರನೇ ವರ್ಷದಿಂದ."

ಒಂಬತ್ತು ವರ್ಷ. ಮನೆಗೆ ಹೋಗುವ ಗಾಡಿಯಲ್ಲಿ ಅವಳು ಆ ಒಂಬತ್ತು ವರ್ಷದ ಭಾನುವಾರಗಳನ್ನು ಒಂದೊಂದಾಗಿ ನೆನೆದಳು. ಯಾವ ಭಾನುವಾರ ಕಲಿಸುವುದಕ್ಕೆ ಕರೆದದ್ದು, ಯಾವುದು ಸಹಿಗೆ ಕರೆದದ್ದು ಎಂದು ಬೇರೆ ಮಾಡಲು ನೋಡಿದಳು. ಆಗಲಿಲ್ಲ. ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಹೆಂಗಸರು ನೂಕಿದ ಕಡೆ ಸರಿಯುತ್ತ, ಡೊಂಬಿವಲಿ ದಾಟಿದ್ದೂ ತಿಳಿಯದೆ ಕಲ್ಯಾಣದ ತನಕ ಹೋಗಿ ಇಳಿದಳು.

ಪೃಥ್ವಿರಾಜನಿಗೆ ವಿಷಯ ಹೇಳಿ ನಾಣ್ಯ ಹಿಂದಿರುಗಿಸಿದಳು. ಅವನು ಕೂಗಾಡಲಿಲ್ಲ. "ಮ್ಯಾಡಮ್, ನಾನು ತಗೊಂಡದ್ದು ಆಪ್ ಕಾ ಸೈನ್ ನೋಡಿ," ಎಂದಷ್ಟೆ ಹೇಳಿ ಹೋದ. ಲ್ಯಾಬಿನ ಮಾಲೀಕರಿಗೂ ಹೇಳಿದಳು. ಅವರು ಇನ್ನು ಹಳೆಯ ನಾಣ್ಯ ಮುಟ್ಟುವುದು ಬೇಡ, ಆದದ್ದನ್ನು ಬಾಯಿ ಬಿಡುವುದೂ ಬೇಡ ಎಂದರು. ಮೊದಲನೆಯದಕ್ಕೆ ಒಪ್ಪಿದಳು. ಎರಡನೆಯದಕ್ಕೆ ಒಪ್ಪಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ನಾಣ್ಯ ಸಂಘದ ಸಭೆ. ಮೂವತ್ತು ಜನ ಸೇರಿದ್ದರು, ಮುಂದಿನ ಸಾಲಿನಲ್ಲಿ ಸರ್. ಜಯಲತಾ ಎದ್ದು ನಿಂತು, ನೋಟ್‌ಬುಕ್ ಹಿಡಿದು, ತನ್ನ ಸಹಿ ಇರುವ ವರದಿಗಳೊಂದಿಗೆ ಎರಕದ ನಕಲುಗಳು ಮಾರಾಟವಾಗಿವೆ, ಯಾರ ಹತ್ತಿರ ಅಂಥದ್ದು ಇದ್ದರೂ ತರಬೇಕು, ತಾನು ಪುನಃ ನೋಡಿ ಹೇಳುತ್ತೇನೆ ಎಂದಳು. ಕೊಟ್ಟವರು ಯಾರು ಎಂದು ಒಬ್ಬರು ಕೇಳಿದರು. ಅವಳು ಹೆಸರು ಹೇಳಿದಳು.

ಸಭೆ ಗುಜುಗುಜು ಎಂದಿತು. ಸರ್ ಕೋಲು ಊರಿ ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅವಳ ಮೇಲೆ ಕನಿಕರ ಇದ್ದಂತೆ ಕಂಡಿತು.

"ಜಯಲತಾ ಅವರು ಒಳ್ಳೆಯವರು. ನನ್ನ ಮಗಳ ಹಾಗೆ," ಎಂದರು. "ಒಂದೇ ವರದಿಗೆ ಮೂರು ಮೂರು ಸಹಿ ಹಾಕಿಕೊಡೋ ಅಭ್ಯಾಸ ಅವರಿಗೆ. ಬೇಡ ಅಂತ ನಾನೇ ಎಷ್ಟೋ ಸಲ ಹೇಳಿದ್ದೆ. ಅದು ಯಾರ ಕೈಗೆ ಸಿಕ್ಕಿತೋ ನನಗೆ ಗೊತ್ತಿಲ್ಲ. ತಪ್ಪು ಮುಚ್ಚಿಕೊಳ್ಳೋಕೆ ಮುದುಕನ ಹೆಸರು ಬೇಕಾದ್ರೆ ಇಟ್ಟುಕೊಳ್ಳಲಿ."

ಜಯಲತಾ ಸಹಿ ಮಾಡಿದ್ದು ಹೌದು, ಮೂರು ಮಾಡಿದ್ದೂ ಹೌದು. ಅವರು ಬೇಡ ಎಂದಿರಲಿಲ್ಲ ಎನ್ನುವುದಕ್ಕೆ ಅವಳ ಹತ್ತಿರ ಸಾಕ್ಷಿ ಏನಿತ್ತು? ಮನೆಯ ಮೇಜಿನ ಆಚೆ ಕೂತು ನಿಜ ಒಪ್ಪಿಕೊಂಡವರು ಮೂವತ್ತು ಜನರ ಎದುರು ಇಷ್ಟು ಸಲೀಸಾಗಿ ಹೀಗೆ ಹೇಳಬಲ್ಲರು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಸಭೆ ಮುಗಿದಾಗ ಕೆಲವರು ಅವಳ ಕಣ್ಣು ತಪ್ಪಿಸಿ ಚಪ್ಪಲಿ ಹಾಕಿಕೊಂಡರು. ಯಾರೋ, ದುಡ್ಡಿನ ಪಾಲು ಸರಿ ಬರಲಿಲ್ಲವೇನೋ ಎಂದದ್ದು ಅವಳ ಕಿವಿಗೂ ಬಿತ್ತು.

ಮನೆಗೆ ಬಂದು ವಸಂತಕುಮಾರನ ಎದುರು ಮೊದಲ ಸಲ ಅತ್ತಳು. ನಾನು ಮೊದಲೇ ಹೇಳಿದ್ದೆ ಎನ್ನುವ ಮಾತನ್ನು ಅವನು ಆಡಲಿಲ್ಲ. ಹೋಟೆಲಿನ ಗಲ್ಲಾದಲ್ಲಿ ಬೇರೆಯವರನ್ನು ಕೂರಿಸಿ ಆ ದಿನ ಮನೆಯಲ್ಲೇ ಇದ್ದ.

ಹತ್ತು ದಿನ ಕಳೆದ ಮೇಲೆ ರಮಾಮಣಿ ರಬಾಳೆಗೆ ಬಂದರು. ಠಾಣೆಯಿಂದ ಈಚೆ ಅವರು ಒಬ್ಬರೇ ಪ್ರಯಾಣ ಮಾಡಿದ್ದು ಅದೇ ಮೊದಲಂತೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೂತು, ನೀರು ಕುಡಿದು, ಬ್ಯಾಗಿನಿಂದ ಡೈರಿಯಿಂದ ಹರಿದ ಒಂದು ಹಾಳೆ ತೆಗೆದರು. ಸರ್ ಕೈಬರಹ. ನಾಣ್ಯ ಕೊಂಡವರ ಒಂಬತ್ತು ಹೆಸರು, ಒಂಬತ್ತು ಫೋನ್ ನಂಬರು. ಕಲ್ಯಾಣದ ಬೆಳ್ಳಿ ಕೆಲಸದವನೊಬ್ಬ ಮನೆಗೆ ಬಂದುಹೋಗುತ್ತಿದ್ದ, ದೇವರ ಸಾಮಾನು ಮಾಡಿಸುತ್ತಿದ್ದಾರೆ ಎಂದುಕೊಂಡಿದ್ದೆ, ಆಮೇಲೆ ಗೊತ್ತಾಯಿತು, ಗೊತ್ತಾದ ಮೇಲೂ ಕಾಫಿ ಮಾಡಿ ಕೊಟ್ಟೆ ಎಂದರು. ಇದನ್ನು ಕೊಟ್ಟದ್ದು ಸರ್‌ಗೆ ಗೊತ್ತಾ ಎಂದು ಜಯಲತಾ ಕೇಳಿದಳು. ಹಾಳೆ ಇಲ್ಲದ್ದು ಇವತ್ತೇ ಗೊತ್ತಾಗುತ್ತೆ ಎಂದು ಹೇಳಿ ಅವರು ಎದ್ದರು. ಜಯಲತಾ ಸ್ಟೇಷನ್ ತನಕ ಬಂದು ಗಾಡಿ ಹತ್ತಿಸಿದಳು.

ಅವಳು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಕೆಲವರು ಬೈದರು, ಒಬ್ಬರು ಇಟ್ಟುಬಿಟ್ಟರು. ಐದು ಜನ ನಾಣ್ಯ ತಂದು ತೋರಿಸಿದರು, ಐದೂ ಎರಕದ್ದು. ಯಂತ್ರಕ್ಕೆ ಇಡಲು ಮಾಲೀಕರು ಬಿಡಲಿಲ್ಲವಾದ್ದರಿಂದ, ಅವಳು ಆ ಕೆಲಸಕ್ಕೆ ತನ್ನ ಪರಿಚಯದ ಇನ್ನೊಂದು ಲ್ಯಾಬಿಗೆ, ಮಹಾಪೆಗೆ, ಅವರನ್ನು ಕರೆದುಕೊಂಡು ಹೋಗುತ್ತಿದ್ದಳು. ಪೃಥ್ವಿರಾಜ್ ಮತ್ತು ಇನ್ನಿಬ್ಬರು ಸೇರಿ ಪೊಲೀಸರಿಗೆ ದೂರು ಕೊಟ್ಟರು. ಅದರಲ್ಲಿ ಪುಂಡರೀಕಾಕ್ಷ ಸರ್ ಹೆಸರಿನ ಕೆಳಗೆ ಅವಳ ಹೆಸರೂ ಇತ್ತು. ಅವಳು ಪೊಲೀಸ್ ಸ್ಟೇಷನ್ನಿಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಬರೆಸಿ ಬಂದಳು. ಸರ್ ಆಸ್ಪತ್ರೆಯಲ್ಲಿದ್ದಾರೆ ಎಂದು ಸುದ್ದಿ ಬಂತು. ನೋಡಲು ಹೋಗಲಿಲ್ಲ.

ಪಟ್ಟಿಯ ಮೊದಲ ಹೆಸರಿನವರು ತೀರಿಕೊಂಡಿದ್ದರು. ಫೋನ್ ಎತ್ತಿದ್ದು ಅವರ ಹೆಂಡತಿ ಚಂದ್ರಬಾಯಿ, ದಿವಾದಲ್ಲಿ ಇರುವವರು. ಗಂಡ ರೈಲ್ವೆಯಲ್ಲಿದ್ದರು, ಮೂಲ ಕಲಬುರಗಿ ಕಡೆಯವರು. ಜಯಲತಾ ಎಲ್ಲರಿಗೂ ಹೇಳಿದಂತೆ, ನಿಮ್ಮ ಮನೆಯಲ್ಲಿರುವ ನಾಣ್ಯ ನಕಲಿ ಇರಬೇಕು ಎಂದು ಹೇಳಿದಳು. ಆಕೆ, ತಾನೇ ತರುತ್ತೇನೆ, ಬೇರೆಯವರ ಕೈಯಲ್ಲಿ ಕೊಡುವುದಿಲ್ಲ ಎಂದರು.

ಮಹಾಪೆಯ ಲ್ಯಾಬಿಗೆ ಬಂದ ಚಂದ್ರಬಾಯಿ ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಕುಂಕುಮದ ಭರಣಿಯೊಳಗೆ ಹತ್ತಿಯಲ್ಲಿ ಸುತ್ತಿ ತಂದಿದ್ದರು. ಪ್ರತಿ ದೀಪಾವಳಿಗೆ ಗಂಡ ಅದನ್ನು ಪೂಜೆಗೆ ಇಡುತ್ತಿದ್ದರಂತೆ. ಯಂತ್ರದ ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಬಂದವು. ಬೆಳ್ಳಿ, ತಾಮ್ರ. ಆಮೇಲೆ ಸೀಸ. ಕೊನೆಗೆ ಚೂರು ಚಿನ್ನ.

ಜಯಲತಾ ನೋಟ್‌ಬುಕ್ ತೆರೆದಳು. ಅಂಕಿಗಳು ಹೊಂದಿದವು. ಹನ್ನೊಂದು ವರ್ಷದ ಹಿಂದೆ ಅವಳ ಕೈಗೆ ಬಂದಿದ್ದ, ಮಿಕ್ಕವಕ್ಕೆಲ್ಲ ಅಚ್ಚು ಕೊಟ್ಟ ಅಸಲು ನಾಣ್ಯ ಇದೇ. ಸರ್ ಮೊದಲನೆಯದನ್ನು ನ್ಯಾಯವಾಗಿಯೇ ಮಾರಿದ್ದರು. ಅವಳಿಗೆ ಆ ಕ್ಷಣ ನಾಚಿಕೆಯಾಗುವಂಥ ಒಂದು ಆಸೆ ಬಂತು: ಇದು ದಿವಾದಲ್ಲಿದೆ, ಭರಣಿಯೊಳಗಿದೆ ಎಂದು ಸರ್‌ಗೆ ಫೋನ್ ಮಾಡಿ ಹೇಳಬೇಕು ಎಂದು. ಇದರ ಬೆಲೆ ತಿಳಿದು ಖುಷಿಪಡುವ ಇನ್ನೊಬ್ಬರು ಅವಳಿಗೆ ಗೊತ್ತಿರಲಿಲ್ಲ. ಆಸೆಯನ್ನು ಅಲ್ಲಿಯೇ ನುಂಗಿಕೊಂಡಳು.

"ಇದು ನಿಜವಾದದ್ದಮ್ಮ," ಎಂದಳು. "ನಿಮ್ಮ ಯಜಮಾನರು ಮೋಸ ಹೋಗಿಲ್ಲ."

ಚಂದ್ರಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಮೊನ್ನೆ ಫೋನಿನ್ಯಾಗ ಖೊಟ್ಟಿ ಅಂದ್ರಿ. ಇವತ್ತ ಖರೇ ಅಂತೀರಿ. ಯಾವುದು ನಂಬಬೇಕ್ರಿ ನಾ?"

ಜಯಲತಾ ಪರದೆ ತೋರಿಸಿದಳು, ನೋಟ್‌ಬುಕ್ ತೋರಿಸಿದಳು, ಸೀಸ ಚಿನ್ನದ ವಿಷಯ ಬಿಡಿಸಿ ಹೇಳಿದಳು. ಆಕೆ ಕೇಳಿಸಿಕೊಂಡರು. ಕೇಳಿಸಿಕೊಂಡು ಹತ್ತಿಯನ್ನು ಮತ್ತೆ ಸುತ್ತತೊಡಗಿದರು. ಬೇಕಿದ್ದರೆ ಈಗಲೇ ಹೊಸದಾಗಿ ಬರೆದು ಕೊಡುತ್ತೇನೆ, ಫೋಟೋ ಸಹಿತ ಎಂದಳು ಜಯಲತಾ. ತನ್ನ ದನಿ ಬೇಡಿಕೊಳ್ಳುವ ಹಾಗಿದೆ ಎಂದು ಅವಳಿಗೇ ಕೇಳಿಸಿತು.

"ಬ್ಯಾಡ್ರಿ," ಎಂದರು ಚಂದ್ರಬಾಯಿ. "ನಿಮ್ಮ ಕಾಗದ ಬ್ಯಾಡ. ಅವರು ಇಟ್ಟಿದ್ರು, ನಾನೂ ಇಡ್ತೀನಿ."

ಭರಣಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಅದನ್ನು ಸೊಂಟದ ಚೀಲದೊಳಗೆ ತಳ್ಳಿ, ರಿಕ್ಷಾ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಜಯಲತಾ ಕೈ ತೋರಿಸಿದಳು.